ವಂಶಾವಳಿಯ ಪ್ರಾಮಾಣ್ಯವಿಚಾರ: ಹರಪನಹಳ್ಳಿ ಸೀಮೆಯ ಮನೆತನಗಳು

ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ಮೊದಲಾದ ತುಂಗಭದ್ರಾತೀರದ ಗ್ರಾಮಗಳಲ್ಲಿ ಕುಂಪಣಿಯ ಆಳಿಕೆಯ ಆದಿಭಾಗದಲ್ಲಿದ್ದ ಮನೆತನಗಳ ವಂಶಕ್ರಮವನ್ನು ನಿರ್ಣಯಿಸಬೇಕೆಂಬವರಿಗೆ ಲಿಖಿತಸಾಮಗ್ರಿಯ ದಾರಿದ್ರ್ಯವೇನೂ ಇಲ್ಲ. ಇರುವ ಸಾಮಗ್ರಿಯಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ನಂಬತಕ್ಕದ್ದೆಂಬುದೇ ತೊಡಕು. ಈಚೆಗೆ ಡಿ.ಎನ್.ಎ. ಪರೀಕ್ಷೆಯೂ ಇದಕ್ಕೆ ಸೇರಿ, ಅದೊಂದಿದ್ದರೆ ಕಾಗದಪತ್ರಗಳೇ ಬೇಡವೆಂಬ ಭ್ರಾಂತಿಗೆ ಎಡೆಯಾಗಿರುವುದರಿಂದ ಈ ಸಾಧನಗಳ ಬಲಾಬಲವನ್ನು ವಿಮರ್ಶಿಸುವುದು ಅವಶ್ಯವಾಗಿದೆ.

ನಿಜಾಮನು ಬಳ್ಳಾರಿ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟದ್ದು 1800ನೆಯ ಅಕ್ಟೋಬರ್ 12ರ ಕೌಲಿನಿಂದ. ಥಾಮಸ್ ಮನ್ರೋ 1807ರ ವರೆಗೆ ಈ ದತ್ತಮಂಡಲದ ಮುಖ್ಯ ಕಲೆಕ್ಟರನಾಗಿದ್ದು, ಪಾಳೆಯಗಾರರ ಪೂರ್ವೋತ್ತರಗಳನ್ನೂ ಪೇಷ್ಕಷನ್ನೂ ವಿಚಾರಿಸಿ, ಅವರ ಹಕ್ಕುಗಳನ್ನು ಮೊಟಕುಮಾಡಿದನು. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಕರ್ನಲ್ ಮೆಕೆಂಜಿಯ ಸಹಾಯಕರು ದಕ್ಷಿಣದೇಶದಲ್ಲಿ ಊರೂರು ತಿರುಗಿ ಕೈಫಿಯತ್ತುಗಳನ್ನು ಕೂಡಿಹಾಕಿದರು. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 1994ರಲ್ಲಿ ಪ್ರಕಟಿಸಿದ್ದು ನಾಡಿಗೆ ದೊಡ್ಡ ಉಪಕಾರ. ಆದರೆ ಆ ಬರಹಗಳನ್ನು ಎತ್ತಿಕೊಂಡು ವಂಶವೃಕ್ಷ ಬರೆಯುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಹಕ್ಕು ಉಳಿಯುವುದೋ ಹೋಗುವುದೋ ಎಂಬ ಕಾಲದಲ್ಲಿ ಕುಂಪಣಿಯ ಮಂದಿ ಬಂದು “ನಿಮ್ಮ ಹಿರಿಯರು ಯಾರು?” ಎಂದು ಕೇಳಿದರೆ, ಹೇಳುವವನು ಹಿರಿಯರನ್ನು ಕಡಿಮೆ ಮಾಡಿ ಹೇಳುವನೇ? ಕೈಫಿಯತ್ತಿನ ಮೊದಲ ನಾಲ್ಕಾರು ಹೆಸರುಗಳಿಗಿಂತ ಕಡೆಯ ಎರಡು ಮೂರು ಹೆಸರುಗಳು ಹೆಚ್ಚು ವಿಶ್ವಾಸಾರ್ಹವೆಂದು ಹಿಡಿಯುವುದು ಯುಕ್ತ.

1858ರಲ್ಲಿ ಮದರಾಸು ಸರ್ಕಾರವು ನೇಮಿಸಿದ ಇನಾಂ ಕಮಿಷನ್ನಿನ ರಿಜಿಸ್ಟರುಗಳು ಇದಕ್ಕಿಂತ ಗಟ್ಟಿಯಾದ ಆಧಾರ. ಭೂಮಿಯನ್ನು ಕೊಟ್ಟವನು, ಮೊದಲು ಪಡೆದವನು, ಆಗ ಅನುಭವಿಸುತ್ತಿದ್ದವನು, ಅವನ ವಾರಸುದಾರರು ಎಂಬೀ ವಿವರಗಳು ಅವುಗಳಲ್ಲಿವೆ. ವಾರಸಿಲ್ಲದ ಇನಾಮು ಸರ್ಕಾರಕ್ಕೆ ಸೇರೀತೆಂಬ ಭಯವಿದ್ದುದರಿಂದ ಇಲ್ಲಿಯೂ ದತ್ತಕನನ್ನು ಔರಸನೆಂದು ಬರೆಯಿಸುವ ಆಸೆ ಹುಟ್ಟುವುದು ಸಹಜವೇ.

ಇದಕ್ಕೂ ಸೂಕ್ಷ್ಮವಾದ ದೋಷವೊಂದುಂಟು. ಮನೆಗಳಲ್ಲಿ ಉಳಿದಿರುವ ಹಳೆಯ ಪತ್ರಗಳಲ್ಲಿ ಅನೇಕ ವೇಳೆ ಸಂವತ್ಸರದ ಹೆಸರು ಮಾತ್ರ ಇರುತ್ತದೆ. ಶಕವರ್ಷವಾಗಲಿ ಫಸಲಿಯಾಗಲಿ ಇರುವುದಿಲ್ಲ. ರೌದ್ರಿ ಸಂವತ್ಸರವೆಂದಿದ್ದರೆ ಅದು 1800-01 ಆಗಬಹುದು, 1860-61 ಕೂಡ ಆಗಬಹುದು; ಎಂದರೆ ಕುಂಪಣಿ ಕಾಲಿಟ್ಟ ವರ್ಷವೂ ಅದೇ, ಇನಾಂ ವಿಚಾರಣೆ ನಡೆಯುತ್ತಿದ್ದ ವರ್ಷವೂ ಅದೇ. ಅರವತ್ತು ವರ್ಷವೆಂದರೆ ಸುಮಾರು ಎರಡು ತಲೆಮಾರು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ಈ ನಾಡಿನ ರೂಢಿ. ಬಸಪ್ಪ ಬಿನ್ ವೀರಪ್ಪನ ಮಗ ವೀರಪ್ಪ ಬಿನ್ ಬಸಪ್ಪ. ಅವನ ಮಗ ಮತ್ತೆ ಬಸಪ್ಪ ಬಿನ್ ವೀರಪ್ಪ. ಹೀಗೆ ಹೆಸರೂ ಸಂವತ್ಸರವೂ ಒಟ್ಟಿಗೆ ತಿರುಗಿ ಬಂದಾಗ ಇಬ್ಬರನ್ನು ಒಬ್ಬನೆಂದೆಣಿಸಿ ನಡುವಣ ಎರಡು ತಲೆಗಳನ್ನು ನುಂಗಿಬಿಡುವುದು ಬಹು ಸುಲಭ. ಫಸಲಿ ಬರೆದಿದ್ದರೆ ಅದಕ್ಕೆ 590 ಕೂಡಿಸಿದೊಡನೆ ಸಂಶಯ ಹೋಗುತ್ತದೆ. ಇಲ್ಲದಿದ್ದರೆ ನಾಣ್ಯದ ಹೆಸರು, ಕಂದಾಯದ ಬಗೆ, ಅಕ್ಷರದ ಮೋಡಿ ಇವುಗಳಿಂದ ಊಹಿಸಬೇಕು. ಅಜ್ಜನಿಗೂ ಮೊಮ್ಮಗನಿಗೂ ಇದ್ದ ವೈ ಕ್ರೋಮೊಸೋಮು ಒಂದೇ ಆದುದರಿಂದ ಈ ಸಂಶಯವನ್ನು ಯಾವ ರಕ್ತಪರೀಕ್ಷೆಯೂ ಬಿಡಿಸಲಾರದು.

ಇಲ್ಲಿ ಹೆಳವರ ಹೊತ್ತಿಗೆಗಳು ಬಹಳ ಉಪಯೋಗಕ್ಕೆ ಬರುತ್ತವೆ. ಎತ್ತಿನ ಮೇಲೆ ಬಂದು ಮನೆತನದ ಪೀಳಿಗೆಯನ್ನು ಹಾಡಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಬರೆದುಕೊಂಡು ಹೋಗುವ ಈ ಜನರನ್ನು ವಿದ್ಯಾವಂತರು ಭಿಕ್ಷುಕರೆಂದು ಅಲಕ್ಷಿಸಿದ್ದು ಶೋಚನೀಯ. ಅವರಿಗೆ ಬೇಕಾದುದು ದವಸ, ದನ, ಬಟ್ಟೆ. ಇನಾಮಿನ ವ್ಯಾಜ್ಯ ಅವರದಲ್ಲ. ಆದುದರಿಂದ ನಡುವೆ ತಲೆಯೊಂದನ್ನು ಬಿಡುವುದರಿಂದ ಅವರಿಗೆ ಲಾಭವಿಲ್ಲ. ಯಜಮಾನನನ್ನು ಹೊಗಳಿ ಮೂಲಪುರುಷನನ್ನು ಉಬ್ಬಿಸುವ ದೋಷ ಮಾತ್ರ ಅವರಲ್ಲಿಯೂ ಇದೆ.

ಇನ್ನು ಡಿ.ಎನ್.ಎ. ವಿಷಯ. ಒಂದೇ ಶರೀರದ ಅವಯವಗಳ ಅನ್ವಯದಿಂದ ಸಾಪಿಂಡ್ಯವುಂಟಾಗುವುದೆಂದು ಕಲ್ಯಾಣದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಪ್ರತಿಪಾದಿಸಿದನು. ಜೀಮೂತವಾಹನನಾದರೋ ಪಿಂಡಪ್ರದಾನವನ್ನೇ ಮುಖ್ಯವಾಗಿ ಹಿಡಿದನು. ಆಧುನಿಕ ಪರೀಕ್ಷಕರು ವಿಜ್ಞಾನೇಶ್ವರನ ಪಕ್ಷದವರೆಂದು ವಿನೋದಕ್ಕೆ ಹೇಳಬಹುದು. ಆದರೆ ಆತನು ಆ ಅನ್ವಯಕ್ಕೆ ತಂದೆಯ ಕಡೆ ಏಳು, ತಾಯಿಯ ಕಡೆ ಐದು ಎಂಬ ಎಲ್ಲೆಯನ್ನು ಒಪ್ಪಿದನು. 1800ರಲ್ಲಿದ್ದವನು ಇಂದಿನವನಿಗೆ ಸುಮಾರು ಎಂಟನೆಯ ತಲೆ. ಆ ತಲೆಯಲ್ಲಿ 256 ಪೂರ್ವಜರ ಸ್ಥಾನಗಳಿದ್ದು, ಒಬ್ಬೊಬ್ಬರಿಂದ ಬಂದ ಪಾಲು ಸರಾಸರಿ 256ರಲ್ಲೊಂದು. ಕೆಲವರಿಂದ ಏನೂ ಬಾರದಿರುವುದೂ ಸಾಧ್ಯ. ವೈ ಕ್ರೋಮೊಸೋಮು ತಂದೆಯಿಂದ ಮಗನಿಗೆ ಮಾತ್ರ, ಮೈಟೊಕಾಂಡ್ರಿಯದ ಅಂಶ ತಾಯಿಯಿಂದ ಮಾತ್ರ ಬರುವುದರಿಂದ ಆ 256ರಲ್ಲಿ ಇಬ್ಬರ ಸುದ್ದಿಯನ್ನಷ್ಟೇ ಅವು ಹೇಳುತ್ತವೆ. ಅಕ್ಕನ ಮಗಳನ್ನೂ ಸೋದರಮಾವನ ಮಗಳನ್ನೂ ತರುವ ಪದ್ಧತಿಯುಳ್ಳ, ಒಳಗೊಳಗೇ ಕೊಟ್ಟು ತರುವ ಕುಲಗಳಲ್ಲಿ ಮತ್ತೊಂದು ತೊಡಕು: ಹಲವು ದಾರಿಗಳಿಂದ ಬಂದ ಅಂಶಗಳು ಒಟ್ಟುಗೂಡಿ ದೂರದ ಬಂಧುವು ಹತ್ತಿರದವನಂತೆ ತೋರುವನು.

ಇಂಗ್ಲೆಂಡಿನ ದೊರೆ ಮೂರನೆಯ ರಿಚರ್ಡನ ಅಸ್ಥಿಗಳು 2012ರಲ್ಲಿ ಲೆಸ್ಟರ್ ನಗರದಲ್ಲಿ ಸಿಕ್ಕಿದಾಗ, ಆತನ ಸೋದರಿಯ ಹೆಣ್ಣುಸಂತತಿಯವರ ಮೈಟೊಕಾಂಡ್ರಿಯ ಹೊಂದಿತು. ಕಾಗದದ ಪ್ರಕಾರ ಗಂಡುಸಂತತಿಯವರಾದವರ ವೈ ಕ್ರೋಮೊಸೋಮು ಹೊಂದಲಿಲ್ಲ. ರಾಜವಂಶದ ದಾಖಲೆಗೇ ಹೀಗಾದರೆ ಹಳ್ಳಿಯ ಮನೆಗಳ ಪಾಡೇನು!

ಹಾಗೆಂದು ಹೊಂದದ ಕಡೆಯಲ್ಲೆಲ್ಲ ವಂಶ ಮುರಿಯಿತೆಂದು ಬರೆಯುವುದು ಅವಿವೇಕ. ಬಳ್ಳಾರಿ ಸೀಮೆಯ ಬಸವಿಯರ ಪದ್ಧತಿಯನ್ನು ನೋಡಬೇಕು. ಗಂಡುಸಂತಾನವಿಲ್ಲದ ತಂದೆತಾಯಿಗಳು ಮಗಳೊಬ್ಬಳನ್ನು ದೇವರಿಗೆ ಬಿಟ್ಟರೆ, ಅವಳು ಮದುವೆಯಿಲ್ಲದೆ ತವರಿನಲ್ಲಿಯೇ ನಿಂತು, ಮಗನಂತೆ ಆಸ್ತಿಯನ್ನು ಪಡೆಯುತ್ತಿದ್ದಳು. ಅವಳ ಮಕ್ಕಳು ಅವಳ ತಂದೆಯ ಮನೆಯವರೆಂದೇ ಎಣಿಸಲ್ಪಡುತ್ತಿದ್ದರು. ಫಾಸೆಟ್ ಎಂಬ ಅಧಿಕಾರಿ 19ನೆಯ ಶತಮಾನದ ಕೊನೆಗೆ ಇದನ್ನು ಕುರಿತು ಪ್ರಬಂಧ ಬರೆದನು. ದೇವರಿಗೆ ಬಿಡುವುದನ್ನು 1947ರ ಮದರಾಸು ಶಾಸನವೂ 1982ರ ಕರ್ನಾಟಕ ಶಾಸನವೂ ನಿಷೇಧಿಸಿದವು; ಆ ಹೆಂಗಸರು ಪಟ್ಟ ಕಷ್ಟವನ್ನು ನೆನೆದರೆ ಅದು ಸರಿಯೇ. ಆದರೆ ಅಂಥ ಮನೆಯಲ್ಲಿ ಬಸವಿಯ ಮಗನಿಂದ ಇಳಿದವನ ವೈ ಕ್ರೋಮೊಸೋಮು ಮೂಲಪುರುಷನದಾಗಿರಲು ಕಾರಣವೇ ಇಲ್ಲ, ಪಟ್ಟಿಯೂ ಸುಳ್ಳಲ್ಲ. ಮಗಳ ಮಗನನ್ನು ಮಗನೆಂದೆಣಿಸುವ ಪುತ್ರಿಕಾಧರ್ಮವನ್ನು ಸ್ಮೃತಿಕಾರರೂ ಬಲ್ಲರು. ದತ್ತಕನ ವಿಷಯದಲ್ಲಿಯೂ ಇದೇ ನ್ಯಾಯ. ಇದನ್ನು ತಿಳಿಯದ ಪರೀಕ್ಷಕನು “ಹೊರಗಿನ ರಕ್ತ” ಎಂದು ಒಂದು ಸಾಲು ಬರೆದರೆ, ಸತ್ತವಳೊಬ್ಬಳ ಮೇಲೆ ಇಲ್ಲದ ಕಳಂಕವೂ ಬದುಕಿರುವವರ ಮನೆಯಲ್ಲಿ ಕಲಹವೂ ಉಂಟಾಗುವುವು.

ತಾಯಿಯ ಕಡೆಯ ಶೋಧನೆಗೆ ಈ ಸೀಮೆಯಲ್ಲಿ ಹೊಳೆಯೇ ಅಡ್ಡ. ಆಚೆಯ ದಡದ ರಾಣೆಬೆನ್ನೂರು ಕಡೆ ಮುಂಬಯಿ ಆಧಿಪತ್ಯಕ್ಕೂ ಈಚೆಯದು ಮದರಾಸಿಗೂ ಸೇರಿದ್ದುದರಿಂದ, ಹೊಳೆ ದಾಟಿ ಬಂದ ಸೊಸೆಯ ತವರಿನ ಲೆಕ್ಕವೇ ಬೇರೆ ಕಚೇರಿಯದು. ಹರಪನಹಳ್ಳಿ ತಾಲ್ಲೂಕು 1953ರಲ್ಲಿ ಮೈಸೂರಿಗೆ, 1997ರಲ್ಲಿ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ದಫ್ತರವನ್ನು ಹುಡುಕುವವರು ಈ ಕ್ರಮವನ್ನು ನೆನಪಿನಲ್ಲಿಡತಕ್ಕದ್ದು.

ಗ್ರಂಥಸಂಪಾದನೆಯಲ್ಲಿ ಓಲೆಗಳ ಪಾಠ ಭಿನ್ನವಾದರೆ ಸಂಪಾದಕನು ಒಂದನ್ನು ಹರಿದೊಗೆಯುವುದಿಲ್ಲ. ಅಡಿಯಲ್ಲಿ ಪಾಠಾಂತರವಾಗಿ ಕೊಡುತ್ತಾನೆ. ವಂಶಾವಳಿಯನ್ನು ಅಚ್ಚು ಹಾಕಿಸುವವರು ಕೈಫಿಯತ್ತಿನ ಹೆಸರು, ರಿಜಿಸ್ಟರಿನ ಹೆಸರು, ಹೆಳವರ ಹೆಸರು ಇವನ್ನು ಹಾಗೆಯೇ ಬೇರೆಬೇರೆಯಾಗಿ ತೋರಿಸಿ, ಪರೀಕ್ಷೆಯ ಫಲವನ್ನು ಬದುಕಿರುವ ದಾಯಾದಿಗಳೆಲ್ಲರ ಒಪ್ಪಿಗೆ ದೊರೆತ ಮೇಲೆ ಮಾತ್ರ ಅಡಿಯಲ್ಲಿ ಸೇರಿಸತಕ್ಕದ್ದು.