ಬಾಯಿ ನಮ್ಮದಾಯಿತು, ನೆಲ?

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಕಾಯುತ್ತ ಕೂತರೆ ಪಕ್ಕದವರ ಮೊಬೈಲಿನಿಂದ ನಮ್ಮ ಮಾತು ಕೇಳಿಬರುತ್ತದೆ. ಪರಭಾಷೆಯ ಸಿನಿಮಾದ ನಾಯಕ ಖಳನ ಕೊರಳಪಟ್ಟಿ ಹಿಡಿದು 'ಎಲ್ಲಿ ಹೋಗ್ಲತ್ತಿ?' ಅನ್ನುತ್ತಾನೆ. ಖಳ 'ಹೊಲಕ್ಕ ಹೋಗ್ಲತ್ತೀನ್ರೀ' ಎಂದು ಕೈಮುಗಿಯುತ್ತಾನೆ. ಮೆಚ್ಚಿದ ದೃಶ್ಯದ ಮೂಲ ದನಿ ತೆಗೆದು ಉತ್ತರ ಕರ್ನಾಟಕದ ಹುಡುಗರು ತಮ್ಮ ದನಿ ಕೂಡಿಸಿದ ತುಣುಕುಗಳಿವು.

ಇವುಗಳಿಂದ ಆದ ಲಾಭ ಸಣ್ಣದಲ್ಲ. ಕನ್ನಡ ಸಿನಿಮಾ ಬಹುಕಾಲ ಮೈಸೂರು ಸೀಮೆಯ ಮಾತನ್ನೇ ನಾಯಕನಿಗೆ ಕೊಟ್ಟು, ನಮ್ಮ ಮಾತನ್ನು ಹಾಸ್ಯಪಾತ್ರಕ್ಕೆ ಮೀಸಲಿಟ್ಟಿತು. ಇಲ್ಲಿ ನಾಯಕ, ಖಳ, ತಾಯಿ, ಪೊಲೀಸ್ ಎಲ್ಲರೂ ಅದನ್ನೇ ಆಡುತ್ತಾರೆ. ಉರ್ದುವಿನ 'ಜಲ್ದಿ'ಯೂ ಚಿಂಚೋಳಿ ಕಡೆಯ ತೆಲುಗಿನ ಎಳೆಯೂ ಅಳುಕಿಲ್ಲದೆ ಬಂದು ಕೂರುತ್ತವೆ.

ಆದರೂ ಹತ್ತು ತುಣುಕು ನೋಡಿದ ಮೇಲೆ ನನಗೆ ಹಸಿವು ಉಳಿಯುತ್ತದೆ. ಬೈಗುಳ, ಕುಡುಕನ ತೊದಲು, ಹೆಂಗಸಿನ ಪಾತ್ರಕ್ಕೆ ಗಂಡಸು ಎಳೆದಾಡುವ ಕೀರಲು ದನಿ: ನಗು ಬರುವುದು ಹೆಚ್ಚಾಗಿ ಇವುಗಳಿಂದಲೇ. ಸಿನಿಮಾ ನಮ್ಮ ಮಾತಿಗೆ ಹೊರಿಸಿದ್ದ ಹಾಸ್ಯದ ವೇಷವನ್ನು ನಾವೇ ಮತ್ತೆ ತೊಟ್ಟಂತಾಗಿದೆ. ಪ್ರೀತಿಯ ದೃಶ್ಯ, ಸಾವಿನ ದೃಶ್ಯ ನಮ್ಮ ಮಾತಿನಲ್ಲಿ ಹೇಗಿರುತ್ತದೆಂದು ತೋರಿಸುವ ಧೈರ್ಯ ಅಪರೂಪ.

ಪರರದನ್ನು ತಮ್ಮದಾಗಿಸುವ ಕಲೆ ಈ ಸೀಮೆಗೆ ಹೊಸದೇನಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯ ಆ ಮಾನ್ಯಖೇಟ, ಅಮೋಘವರ್ಷನ ರಾಜಧಾನಿ. ಅವನ ಆಸ್ಥಾನದಲ್ಲಿ ಕ್ರಿ.ಶ. 850ರ ಸುಮಾರಿಗೆ ಹುಟ್ಟಿದ 'ಕವಿರಾಜಮಾರ್ಗ' ದಂಡಿಯ ಸಂಸ್ಕೃತ 'ಕಾವ್ಯಾದರ್ಶ'ದಿಂದ ಬಹಳಷ್ಟನ್ನು ತೆಗೆದುಕೊಂಡಿತು. ಆದರೆ ಭಾಷೆ ಬದಲಿಸಿ ಸುಮ್ಮನಾಗಲಿಲ್ಲ; ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನೂ ಅಲ್ಲಿನ ಜನರನ್ನೂ ಒಳಗೆ ತಂದು ಕೂರಿಸಿತು. ನನಗೆ ಅಳತೆಗೋಲು ಅದೇ.

ಆ ಅಳತೆಗೆ ನಿಲ್ಲುವ ಸಿನಿಮಾ ಮಹಾರಾಷ್ಟ್ರದ ಮಗ್ಗದೂರು ಮಾಲೆಗಾಂವದ್ದು. 1975ರ 'ಶೋಲೆ' ನಮ್ಮ ರಾಮನಗರದ ಬಂಡೆಗಳನ್ನು ತನ್ನ ಕತೆಯ ರಾಮಗಢ ಮಾಡಿತ್ತು. ವಿಡಿಯೊ ಪಾರ್ಲರ್ ನಡೆಸುತ್ತಿದ್ದ ನಾಸಿರ್ ಶೇಖ್ 2000ದಲ್ಲಿ ಊರಿನವರನ್ನೇ ಕಟ್ಟಿಕೊಂಡು 'ಮಾಲೆಗಾಂವ್ ಕೆ ಶೋಲೆ' ತೆಗೆದರು. ಕುದುರೆ ತರುವ ಶಕ್ತಿಯಿರಲಿಲ್ಲ. ದರೋಡೆಕೋರರು ಸೈಕಲ್ ತುಳಿಯುತ್ತ ಬಂದರು. ಅಲ್ಲೂ ನಗುವಿದೆ. ಆದರೆ ಆ ಸೈಕಲ್ಲಿನ ಜೊತೆ ಮಾಲೆಗಾಂವದ ಬೀದಿ, ಬಡತನ, ಹುರುಪು ಎಲ್ಲವೂ ಚಿತ್ರದೊಳಗೆ ಬಂತು.

ನಮ್ಮ ತುಣುಕುಗಳಲ್ಲಿ ಬಾಯಿ ಮಾತ್ರ ಸೇಡಮ್ಮಿನದು, ಚಿತ್ತಾಪುರದ್ದು. ಮೈ, ಮನೆ, ಬಿಸಿಲು ಬೇರೆಯವರದು. ದನಿ ಕೊಡುವ ಈ ಹುಡುಗರೇ ಕ್ಯಾಮೆರಾ ಹಿಡಿದು ಹೊರಗೆ ಬಂದರೆ ಏನಾದೀತು? 1972ರ 'ಬಂಗಾರದ ಮನುಷ್ಯ'ದಲ್ಲಿ ನಾಯಕ ರಾಜೀವ ಬಂಡೆ ಒಡೆದು ಬರಡು ನೆಲ ಹಸನು ಮಾಡುವ ದೃಶ್ಯವನ್ನು ಶಹಾಬಾದಿನ ಕಲ್ಲುಗಣಿಯಲ್ಲಿ ತೆಗೆಯಬೇಕು. ಹಾಸುಗಲ್ಲು ಎಬ್ಬಿಸುವ ಕೈಗಳೇ ಅಲ್ಲಿ ನಟಿಸಬೇಕು. ಆಚೆ ತೊಗರಿ ಹೊಲದಿಂದ ಅವನಕ್ಕ ಬುತ್ತಿ ಹೊತ್ತು ಬಂದು, ತಮ್ಮನನ್ನು ನೋಡಿ ನಮ್ಮ ಮಾತಿನಲ್ಲೇ ಕರೆಯಬೇಕು: 'ಸಾಕ್ ಬಾರೋ ಯಪ್ಪಾ, ಉಣ್ಣು.'