ಹೊಳೆಗೂ ಮಗ್ಗಕ್ಕೂ ಒಂದೇ ಗಂಟು

ಸೊಲ್ಲಾಪುರ ಸೀಮೆಯ ಹತ್ತರಸಂಗ ಕೂಡಲದಲ್ಲಿ ಸೀನಾ ಹೊಳೆ ಭೀಮೆಯನ್ನು ಸೇರುತ್ತದೆ. ಅಕ್ಕಲಕೋಟೆಯ ಮಗ್ಗುಲಿಗೆ ಬೋರಿ ನದಿ, ಕುರನೂರ ಅಣೆಕಟ್ಟಿನ ಹಿನ್ನೀರು. ನೀರಿದ್ದಲ್ಲಿ ಬಲೆ. ಬೀಸುಬಲೆಯನ್ನು ಕೈಯಲ್ಲಿ ಹೆಣೆಯುವುದನ್ನು ನೋಡುತ್ತ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಸಲಕರಣೆ ಎರಡೇ: ದಾರ ಸುತ್ತಿದ ಬಿದಿರಿನ ಸೂಜಿ, ಒಂದು ಅಳತೆಪಟ್ಟಿ. ದಾರ ಪಟ್ಟಿಯನ್ನು ಬಳಸಿ ಮೇಲಿನ ಕಣ್ಣೊಳಗೆ ತೂರುತ್ತದೆ. ಹೆಬ್ಬೆರಳು ಅದನ್ನು ಒತ್ತಿ ಹಿಡಿಯುತ್ತದೆ. ಸೂಜಿ ಕಣ್ಣಿನ ಹಿಂದೆ ಸುತ್ತಿಬಂದು, ದಾರವೇ ಮಾಡಿದ ಕುಣಿಕೆಯಿಂದ ನುಸುಳುತ್ತದೆ. ಜಗ್ಗಿದರೆ ಗಂಟು. ಪಟ್ಟಿ ಅಗಲವಾದಷ್ಟು ಕಣ್ಣು ದೊಡ್ಡದು, ಮರಿಮೀನು ಪಾರಾಗುತ್ತದೆ.

ಮೀನು ಒದ್ದಾಡಿದಷ್ಟೂ ಈ ಗಂಟು ಬಿಗಿಯುತ್ತದೆ. ನುಣುಪಾದ ನೈಲಾನ್ ಬಂದ ಮೇಲೆ ಇನ್ನೊಂದು ಸುತ್ತು ಬೇಕಾಯಿತು, ಅಷ್ಟೇ. ನನ್ನನ್ನು ಬೆರಗುಗೊಳಿಸಿದ್ದು ಬೇರೆ: ಚಾದರಗಳ ಊರಾದ ಸೊಲ್ಲಾಪುರದಲ್ಲಿ ಮಗ್ಗದ ಎಳೆ ಹರಿದಾಗ ಹಾಕುವ ನೇಕಾರರ ಗಂಟಿನ ರಚನೆಯೂ ಇದೇ! ಬೆರಳಾಟ ಬೇರೆ, ಗಂಟು ಒಂದೇ. ಒಂದು ಕೈ ನೀರಿಗೆ ಕಟ್ಟಿತು, ಇನ್ನೊಂದು ಮೈ ಬೆಚ್ಚಗಿಡಲು.

ಕೊನೆಗೆ ಅಂಚಿಗೆ ಸೀಸದ ಗುಂಡು ಪೋಣಿಸುತ್ತಾರೆ. ಹೆಗಲ ಮೇಲಿಂದ ಬೀಸಿದಾಗ ಸಾವಿರಾರು ಕಣ್ಣುಗಳು ಒಮ್ಮೆಲೇ ತೆರೆದು, ಭೀಮೆಯ ಮೇಲೆ ದುಂಡಗೆ ಹರಡಿ ಮುಳುಗುತ್ತವೆ.