ವಾಟ ಗೊತ್ತಿಲ್ಲದ ಪುಸ್ತಕ

ಈ ಸಲ ವಿಮರ್ಶೆಗೆ ತಗೊಂಡಿರೋ ಪುಸ್ತಕಕ್ಕೆ ಲೇಖಕರ ಹೆಸರಿಲ್ಲ, ಮುನ್ನುಡಿಯಿಲ್ಲ, ಒಂದೇ ಒಂದು ವಾಕ್ಯವೂ ಇಲ್ಲ. 24 ಪುಟ, ಬರೀ ಚಿತ್ರ. ಮರದ ಶೆಡ್ಡಿನ ಕಿಟ್ ಜೊತೆ ಬಂದದ್ದು. ಬ್ರೂಕ್‌ಫೀಲ್ಡ್‌ನಲ್ಲಿ ನಾವು ಬಾಡಿಗೆಗಿರೋ ಮನೆಯ ತಾರಸಿ ಮೇಲೆ ಗೊಬ್ಬರದ ಚೀಲ, ಪೈಪು, ಸನಿಕೆ ಎಲ್ಲಾ ಮಳೇಲಿ ನೆನೀತಿದ್ವು. ಅದಕ್ಕೆ ಆನ್‌ಲೈನ್‌ನಲ್ಲಿ ತರಿಸಿದೆ. ನಾಲ್ಕಡಿ ಅಗಲದ ಶೆಡ್ಡು, ಹಲಗೆ ಹಲಗೆಯಾಗಿ ಎರಡು ಡಬ್ಬದಲ್ಲಿ ಬಂತು.

ಈ ಪ್ರಕಾರದ ಸಾಹಿತ್ಯಕ್ಕೆ ಮಾದರಿ ಹಾಕಿಕೊಟ್ಟಿದ್ದು ಐಕಿಯಾ. 1956ರಲ್ಲಿ ಅಲ್ಲಿನ ವಿನ್ಯಾಸಕಾರ ಗಿಲ್ಲಿಸ್ ಲುಂಡ್‌ಗ್ರೆನ್, ಮೇಜು ಕಾರಲ್ಲಿ ಹಿಡೀದೆ ಅದರ ಕಾಲು ಬಿಚ್ಚಿದರು ಅನ್ನೋದು ಪ್ರಸಿದ್ಧ ಕತೆ. 2022ರ ಜೂನ್‌ನಲ್ಲಿ ನಾಗಸಂದ್ರದಲ್ಲಿ ಅವರ ಅಂಗಡಿ ತೆರೆದ ಮೇಲೆ ನಮ್ಮಲ್ಲಿ ಎಷ್ಟೋ ಜನ ಆ ಚಿತ್ರಗಳನ್ನ ಓದೋಕೆ ಕಲಿತಿದ್ದೇವೆ. ಮಾತಿಲ್ಲದ ಪುಸ್ತಕಕ್ಕೆ ಅನುವಾದ ಬೇಡ, ಸ್ವೀಡನ್ನಿಗೂ ನಾಗಸಂದ್ರಕ್ಕೂ ಒಂದೇ ಪುಟ ಸಾಕು. ನನ್ನ ಕಿಟ್ ಬೇರೆ ಕಂಪನಿಯದು, ಆದರೆ ಪುಸ್ತಕದ ಶೈಲಿ ಅದೇ.

ಮೊದಲು ಮೆಚ್ಚುಗೆ ಹೇಳಿಬಿಡ್ತೀನಿ. ಎಲ್ಲ ಸ್ಕ್ರೂಗಳನ್ನೂ ನಿಜವಾದ ಅಳತೆಯಲ್ಲೇ ಬರೆದಿದ್ದಾರೆ, ಪುಟದ ಮೇಲಿಟ್ಟು ಹೋಲಿಸಬಹುದು. ಹಲಗೆಗಳಿಗೆ ನಂಬರ್ ಇದೆ. ಒಂದು ಹೆಜ್ಜೆ ತಪ್ಪಿದರೆ ಮುಂದಿನ ಚಿತ್ರದಲ್ಲೇ ಗೊತ್ತಾಗುತ್ತೆ. ನಾನು ಆಫೀಸಲ್ಲಿ ಬರೆಯೋ ಡಾಕ್ಯುಮೆಂಟೇಶನ್ ಇಷ್ಟು ಚೆನ್ನಾಗಿರಲ್ಲ.

ತೊಂದರೆ ಇರೋದು 3ನೇ ಪುಟದಲ್ಲಿ. ಅಲ್ಲಿ ನೆಲ ಅಂದ್ರೆ ಒಂದು ಗೆರೆ. ನೇರ ಗೆರೆ. ನಮ್ಮೂರಲ್ಲಿ ಯಾವ ತಾರಸಿ ಹಾಗಿರುತ್ತೆ ಹೇಳಿ? ಮಳೆನೀರು ಹರಿದು ಹೋಗಲಿ ಅಂತ ಮೇಸ್ತ್ರಿ ವಾಟ ಕೊಟ್ಟಿರ್ತಾರೆ, ಸಾಮಾನ್ಯವಾಗಿ ನೂರಕ್ಕೆ ಒಂದರಷ್ಟು. ನಾಲ್ಕಡಿಗೆ ಅದು ಸುಮಾರು 12 ಮಿಲಿಮೀಟರ್. ನಾನೋ, ಎರಡು ವಾಟ ಕೂಡೋ ಜಾಗದಲ್ಲೇ ಶೆಡ್ಡು ನಿಲ್ಲಿಸಿದ್ದೆ. ಒಂದು ಮೂಲೆಗೆ ಆಸರೆಯಿಲ್ಲ. ತೂಕ ಬೀಳ್ತಿದ್ದ ಹಾಗೆ ಚೌಕಟ್ಟು ತಿರುಚಿಕೊಳ್ತು. 21ನೇ ಪುಟದ ಚಿತ್ರದಲ್ಲಿ ಬಾಗಿಲು ಮುಚ್ಚಿದೆ, ನನ್ನದು ಮುಚ್ಚಲಿಲ್ಲ. ನಮ್ಮ ಟೆಸ್ಟಿಂಗ್ ಟೀಮಿನವರು ದಿನಾ ಕೇಳೋ ಮಾತಿದೆಯಲ್ಲ, 'ನನ್ನ ಮಷೀನಲ್ಲಿ ಓಡ್ತಿದೆ' ಅಂತ? ಈ ಪುಸ್ತಕ 24 ಪುಟದುದ್ದಕ್ಕೂ ಹೇಳೋದು ಅದನ್ನೇ.

ಮೂರನೇ ಭಾನುವಾರ ಅಪ್ಪ ಊರಿಂದ ಬಂದರು. ಮೂವತ್ತು ವರ್ಷ ಮರಗೆಲಸ ಮಾಡಿ ನನ್ನನ್ನ ಓದಿಸಿದವರು. ಅವರನ್ನ ಕೇಳಬಾರದು ಅಂತಲೇ ನಾನು ಕಿಟ್ ತರಿಸಿದ್ದು ಅನ್ನೋದನ್ನೂ ಹೇಳಿಬಿಡಬೇಕು. ಅಪ್ಪ ಪುಸ್ತಕ ತಿರುವಿ ಹಾಕಿ, 'ಚಿತ್ರ ಚೆನ್ನಾಗಿದೆ' ಅಂದರು. ಆಮೇಲೆ ಬಾಗಿಲ ಚೌಕಟ್ಟಿನ ಮೂಲೆಯಿಂದ ಮೂಲೆಗೆ ದಾರ ಹಿಡಿದರು. ಎರಡು ಕರ್ಣ ಸಮ ಇದ್ರೆ ಚೌಕ ನೆಟ್ಟಗಿದೆ ಅಂತ ಅರ್ಥ. ಬೆರಳಗಲ ವ್ಯತ್ಯಾಸ ಬಂತು. ಪಕ್ಕದ ಸೈಟಿನಿಂದ ಗ್ರಾನೈಟ್ ತುಂಡು ಕೇಳಿ ತಂದು ನಾಲ್ಕೂ ಮೂಲೆಗೆ ಕೊಟ್ಟು, ತಗ್ಗಿದ್ದ ಕಡೆ ತೆಳ್ಳಗೆ ಒಂದು ಬೆಣೆ ಹೊಡೆದರು. ಬಾಗಿಲು ಕೂತಿತು. ನೀರು ಅಡಿಯಿಂದ ಹರಿದು ಹೋಗೋಕೆ ಜಾಗವೂ ಆಯ್ತು. ಬಾಗಿಲ ಪಕ್ಕ ಒಂದು ನಾಣ್ಯ ತೂರೋಷ್ಟು ಸಂದು ಬಿಡಿಸಿದರು. 'ಮರ ಮಳೆಗಾಲದಲ್ಲಿ ಅಡ್ಡಕ್ಕೆ ಉಬ್ಬುತ್ತೆ, ಉದ್ದಕ್ಕಲ್ಲ' ಅಂದರು. ಇದೂ ಪುಸ್ತಕದಲ್ಲಿಲ್ಲ.

ಅಂದ್ರೆ ನನ್ನ ಆಕ್ಷೇಪ ಇಷ್ಟು: ಈ ಪುಸ್ತಕ 'ಆದಮೇಲೆ ಏನು' ಅನ್ನೋದನ್ನ ಮಾತ್ರ ಹೇಳುತ್ತೆ, 'ಯಾಕೆ' ಅನ್ನಲ್ಲ. ಯಾಕೆ ಅನ್ನೋದನ್ನ ಚಿತ್ರದಲ್ಲಿ ಬರೆಯೋದು ಕಷ್ಟ, ಅದಕ್ಕೆ ಮಾತು ಬೇಕು. ವಾಟ, ಬೆಣೆ, ರಸಮಟ್ಟ, ಮೂಲೆಮಟ್ಟ ಇವೆಲ್ಲ ನಮ್ಮಪ್ಪನ ಹತ್ತಿರ ಇದ್ದ ಮಾತುಗಳು. ನಾನು ಉಳಿ ಮುಟ್ಟಿದ್ರೆ 'ಹೋಗಿ ಓದ್ಕೋ' ಅಂತಿದ್ದರು. ಓದ್ಕೊಂಡೆ. ಮಾತಿಲ್ಲದ ಪುಸ್ತಕ ಓದೋಷ್ಟು ಓದ್ಕೊಂಡೆ. ಹಾಗಾಗಿ ತಪ್ಪೆಲ್ಲಾ ಪುಸ್ತಕದ ಮೇಲೆ ಹಾಕೋದು ನ್ಯಾಯ ಅಲ್ಲ, ಓದುಗನೂ ಬರಿಗೈಲಿ ಬಂದಿದ್ದ.

ಸ್ವಂತ ಕೈಯಿಂದ ಜೋಡಿಸಿದ ವಸ್ತು ಮೇಲೆ ಪ್ರೀತಿ ಜಾಸ್ತಿ ಅನ್ನೋದಕ್ಕೆ 'ಐಕಿಯಾ ಎಫೆಕ್ಟ್' ಅಂತಾರೆ. ನಾರ್ಟನ್, ಮೋಚಾನ್, ಏರಿಯಲಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದ ಹೆಸರು. ಅದರಲ್ಲೇ ಒಂದು ಷರತ್ತೂ ಇದೆ: ಕೆಲಸ ಪೂರ್ತಿ ಆಗದಿದ್ರೆ ಆ ಪ್ರೀತಿ ಹುಟ್ಟಲ್ಲ. ನಿಜ. ಎರಡು ವಾರ ಆ ಶೆಡ್ಡನ್ನ ಕಂಡರೇ ಆಗ್ತಿರಲಿಲ್ಲ. ಈಗ ಆಫೀಸಿಂದ ಬಂದವನು ಸುಮ್ಮನೆ ಬಾಗಿಲು ತೆಗೆದು ಹಾಕಿ ನೋಡ್ತೀನಿ.

ಪುಸ್ತಕ ಎಸೆದಿಲ್ಲ. ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು, ಶೆಡ್ಡನ್ನ ಇಲ್ಲೇ ಬಿಟ್ಟು ಹೋಗಬೇಕಾಗಬಹುದು. ಮುಂದೆ ಬರೋರಿಗೆ ಅಂತ 3ನೇ ಪುಟದ ಆ ಗೆರೆ ಕೆಳಗೆ ಪೆನ್ನಲ್ಲಿ ಬರೆದಿದ್ದೀನಿ: 'ಮೊದಲು ವಾಟ ನೋಡಿ. ತಗ್ಗಿಗೆ ಬೆಣೆ ಕೊಡಿ. ಬಾಗಿಲು ಕೂರಿಸೋ ಮುಂಚೆ ಕರ್ಣ ಅಳೆಯಿರಿ.' ಅಪ್ಪನಿಗೆ ತೋರಿಸಿದೆ. ಪೆನ್ನು ಇಸ್ಕೊಂಡು 'ಬೆಣೆ'ಯ ಹಿಂದೆ 'ತೇಗದ' ಅಂತ ಸೇರಿಸಿದರು.